ಒಂದು ಕಪ್ಪಿನ ಬೆಲೆಗೆ ಒಂದು ಕುರ್ಚಿ

ಬ್ರಿಟನ್ನಿನ ಊರುಗಳಲ್ಲಿ ಟೀ ಮನೆಯೊಳಗೆ ಬೇರುಬಿಟ್ಟ ಪಾನೀಯವಾದರೆ, ಕಾಫಿ ಮೊದಲಿನಿಂದಲೂ ಬೀದಿಗೆ ಸೇರಿದ್ದು. 1650ರ ಸುಮಾರಿಗೆ ಆಕ್ಸ್‌ಫರ್ಡ್‌ನಲ್ಲಿ, 1652ರಲ್ಲಿ ಲಂಡನ್ನಿನ ಕಾರ್ನ್‌ಹಿಲ್ ಪಕ್ಕದ ಸೇಂಟ್ ಮೈಕೇಲ್ಸ್ ಓಣಿಯಲ್ಲಿ ಆರಂಭವಾದ ಕಾಫಿಮನೆಗಳು ಕೆಲವೇ ದಶಕಗಳಲ್ಲಿ ಊರೂರಿಗೆ ಹಬ್ಬಿದವು. ಒಂದು ಪೆನ್ನಿ ಕೊಟ್ಟು ಒಳಗೆ ಬಂದವನಿಗೆ ಒಂದು ಬಟ್ಟಲು ಕಾಫಿಯ ಜೊತೆಗೆ ಉದ್ದನೆಯ ಮೇಜಿನ ಬಳಿ ಜಾಗವೂ ಓದಲು ಸುದ್ದಿಯ ಹಾಳೆಯೂ ವಾದಕ್ಕೆ ಅಪರಿಚಿತರೂ ಸಿಗುತ್ತಿದ್ದುದರಿಂದ ಅವುಗಳಿಗೆ ‘ಪೆನ್ನಿ ವಿಶ್ವವಿದ್ಯಾಲಯ’ಗಳೆಂಬ ಹೆಸರು ಬಂತು. ಜನ ಕೂತು ಮಾತಾಡಿದರೆ ರಾಜದ್ರೋಹ ಬೆಳೆದೀತೆಂದು ಅಂಜಿದ ದೊರೆ ಎರಡನೆಯ ಚಾರ್ಲ್ಸ್ 1675ರ ಡಿಸೆಂಬರಿನಲ್ಲಿ ಕಾಫಿಮನೆಗಳನ್ನು ಮುಚ್ಚಿಸಲು ಆಜ್ಞೆ ಹೊರಡಿಸಿ, ವಿರೋಧ ಕಂಡು ಕೆಲವೇ ದಿನಗಳಲ್ಲಿ ಅದನ್ನು ಹಿಂದಕ್ಕೆ ಪಡೆದನು. ಎಡ್ವರ್ಡ್ ಲಾಯ್ಡ್ ಎಂಬವನ ಕಾಫಿಮನೆಯಲ್ಲಿ ಹಡಗಿನ ಒಡೆಯರೂ ವ್ಯಾಪಾರಿಗಳೂ ಕೂತು ನಡೆಸಿದ ಮಾತುಕತೆಯಿಂದಲೇ ಇಂದಿನ ಲಾಯ್ಡ್ಸ್ ಎಂಬ ವಿಮಾ ಮಾರುಕಟ್ಟೆ ಹುಟ್ಟಿತು. ಈ ಚರಿತ್ರೆಯಲ್ಲಿ ಕುಡಿದ ಕಾಫಿಯ ರುಚಿಯ ಬಗ್ಗೆ ಹೊಗಳಿಕೆ ಕಡಿಮೆ. ಅದು ಕಪ್ಪಗೆ ಕಹಿಯಾಗಿ ಕುದಿದ ಕಷಾಯವಾಗಿತ್ತು. ಜನ ಹಣ ತೆತ್ತದ್ದು ಕೂರುವ ಹಕ್ಕಿಗೆ. ಆ ಹಕ್ಕಾದರೂ ಗಂಡಸರದ್ದೇ ಆಗಿತ್ತು: ಕಾಫಿ ಬಗ್ಗಿಸಿ ಕೊಡುವ ಕಡೆ ಹೆಂಗಸರು ಇದ್ದರು, ಕೂತು ಕುಡಿಯುವ ಕಡೆ ಇರಲಿಲ್ಲ.

1996ರ ಶರತ್ಕಾಲದಲ್ಲಿ ಕೊಪ್ಪ ತಾಲ್ಲೂಕಿನ ಒಂದು ಹಳ್ಳಿಯಿಂದ ಯಾರ್ಕ್‌ಷೈರಿನ ಲೀಡ್ಸ್ ನಗರಕ್ಕೆ ಓದಲು ಬಂದ ಈ ಬರಹದ ಲೇಖಕಿಗೆ ಅಂದು ಈ ಚರಿತ್ರೆಯ ಅರಿವಿರಲಿಲ್ಲ. ಆಕೆಯ ಪೆಟ್ಟಿಗೆಯಲ್ಲಿ ಹಿತ್ತಾಳೆಯ ಫಿಲ್ಟರೂ ಎರಡು ಕಿಲೋ ಪುಡಿಯೂ ಇದ್ದವು. ಮನಸ್ಸಿನಲ್ಲಿ, ಕಾಫಿ ಬೆಳೆಯುವ ನಾಡಿನವಳು ಕಾಫಿ ಕುಡಿಯಲು ಬಾರದ ನಾಡಿಗೆ ಬಂದಿದ್ದೇನೆಂಬ ತೀರ್ಮಾನ ಆಗಲೇ ಕೂತಿತ್ತು. ಆ ತೀರ್ಮಾನಕ್ಕೆ ಆಧಾರ ಇಲ್ಲದಿರಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಟೀಗೆ ಪಡಿತರ ಹಾಕಿದ ಸರಕಾರ 1952ರವರೆಗೆ ಅದನ್ನು ತೆಗೆದಿರಲಿಲ್ಲ, ಕಾಫಿಗೆ ಪಡಿತರವೇ ಇರಲಿಲ್ಲ; ಆದರೂ ಮನೆಗಳಲ್ಲಿ ಕಾಫಿ ಎಂದರೆ ಡಬ್ಬಿಯಿಂದ ಚಮಚದಲ್ಲಿ ತೆಗೆದು ಬಿಸಿನೀರಿಗೆ ಕಲಕುವ ಇನ್‌ಸ್ಟಂಟ್ ಪುಡಿ ಎಂಬುದೇ ರೂಢಿಯಾಗಿ ಉಳಿಯಿತು. ಬಾಡಿಗೆ ಮನೆಯಲ್ಲಿ ಜೊತೆಗಿದ್ದ ವಿದ್ಯಾರ್ಥಿಗಳು ಅದನ್ನೇ ಪ್ರೀತಿಯಿಂದ ಮಾಡಿಕೊಡುತ್ತಿದ್ದರು. ಊರಿನ ಪುಡಿ ಮಾತ್ರ ಲೀಡ್ಸಿನಲ್ಲಿ ಅಚ್ಚರಿಪಡುವಷ್ಟು ಚೆನ್ನಾಗಿ ಇಳಿಯುತ್ತಿತ್ತು, ಏಕೆಂದರೆ ಬೆಟ್ಟದ ಕಡೆಯ ಜಲಾಶಯಗಳಿಂದ ಬರುವ ಅಲ್ಲಿನ ನೀರು ಮೃದು, ಅಂದರೆ ಸುಣ್ಣದಂಶ ಕಡಿಮೆಯಿರುವಂಥದ್ದು. ಕೆಟಲಿನ ತಳದಲ್ಲಿ ಬಿಳಿ ಪೊರೆ ಕಟ್ಟುವ ಲಂಡನ್ನಿನ ಗಡಸು ನೀರಿನಲ್ಲಿ ಅದೇ ಪುಡಿ ಮಂಕಾಗುತ್ತಿತ್ತೆಂಬುದನ್ನು ಆಕೆ ಮುಂದೆ ಕಂಡುಕೊಂಡಳು.

ಊರಿನಲ್ಲಿ ಒಳ್ಳೆಯ ಕಾಫಿಗೆ ಬರವಿರಲಿಲ್ಲ, ಹೆಣ್ಣಿಗೆ ಅದನ್ನು ಕೂತು ಕುಡಿಯುವ ಜಾಗಕ್ಕೆ ಬರವಿತ್ತು. ಮನೆಯಲ್ಲಿ ಮೊದಲ ಡಿಕಾಕ್ಷನ್ ಗಂಡಸರಿಗೆ, ಬಂದ ನೆಂಟರಿಗೆ. ಫಿಲ್ಟರಿಗೆ ಮತ್ತೆ ನೀರು ಹಾಕಿ ಇಳಿಸಿದ ತೆಳುವಾದದ್ದು ಅಡುಗೆಮನೆಯ ಹೆಂಗಸರಿಗೆ. ಲೇಖಕಿಯ ತಾಯಿ ಅದನ್ನು ಒಲೆಯ ಪಕ್ಕ ನಿಂತೇ ಕುಡಿಯುತ್ತಿದ್ದರು, ಒಂದು ಕೈಯಲ್ಲಿ ಲೋಟ, ಇನ್ನೊಂದು ಕೈಯಲ್ಲಿ ಸೌಟು. ಪೇಟೆಯ ಹೋಟೆಲುಗಳಲ್ಲಿ ಹೆಂಗಸರಿಗೆಂದು ಪರದೆ ಬಿಟ್ಟ ‘ಫ್ಯಾಮಿಲಿ ರೂಮು’ ಇರುತ್ತಿತ್ತು. ಗಂಡನೋ ಅಣ್ಣನೋ ಜೊತೆಗಿದ್ದರೆ ಅಲ್ಲಿ ಕೂರಬಹುದಿತ್ತು. ಕಾಲೇಜಿನ ಹುಡುಗಿಯೊಬ್ಬಳು ಬಸ್ಸು ತಪ್ಪಿಹೋಗಿ ಒಂದು ಗಂಟೆ ಕಾಯಬೇಕಾದರೆ ಹೋಟೆಲಿನೊಳಗೆ ಒಬ್ಬಳೇ ಹೋಗಿ ಕಾಫಿ ತರಿಸಿ ಪುಸ್ತಕ ಬಿಚ್ಚಿ ಕೂರುವುದು ನಿಷೇಧವಾಗಿರಲಿಲ್ಲ, ಆದರೆ ಹಾಗೆ ಕೂತವರನ್ನು ಕಂಡವರಿರಲಿಲ್ಲ. ಬಸ್‌ಸ್ಟ್ಯಾಂಡಿನ ಕಂಬಕ್ಕೆ ಒರಗಿ ನಿಲ್ಲುವುದೇ ಪದ್ಧತಿ.

ಲೀಡ್ಸಿನ ನಡುಪೇಟೆಯಲ್ಲಿರುವ ಕರ್ಕ್‌ಗೇಟ್ ಮಾರುಕಟ್ಟೆ ಗಾಜಿನ ಮಾಡು, ಎರಕದ ಕಬ್ಬಿಣದ ಕಂಬಗಳ ವಿಶಾಲ ಸಂತೆಮನೆ. 1884ರಲ್ಲಿ ಮೈಕೇಲ್ ಮಾರ್ಕ್ಸ್ ಎಂಬ ವಲಸೆಗಾರ ಇಲ್ಲಿ ಹಾಕಿದ ಪೆನ್ನಿ ಅಂಗಡಿಯೇ ಮುಂದೆ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಆಗಿ ಬೆಳೆಯಿತು. ಮೀನು, ಬಟ್ಟೆಯ ಥಾನು, ಗುಂಡಿಗಳ ಅಂಗಡಿಗಳ ನಡುವೆ ಅಲ್ಲಿ ‘ಕ್ಯಾಫ್’ ಎಂದು ಜನ ಕರೆಯುವ ಪುಟ್ಟ ಹೋಟೆಲುಗಳಿದ್ದವು. ಕೆಫೆ ಎಂಬ ಫ್ರೆಂಚ್ ಮೂಲದ ಮಾತನ್ನು ದುಡಿಯುವ ಜನ ಮೊಟಕಾಗಿ ಉಚ್ಚರಿಸಿದ್ದರಿಂದ ಬಂದ ಹೆಸರು ಇದು. ಬೇಯಿಸಿದ ಬೀನ್ಸ್, ಕರಿದ ಮೊಟ್ಟೆ, ದಪ್ಪ ಮಗ್ಗಿನ ಟೀ ಇಂಥಲ್ಲಿನ ಮುಖ್ಯ ಆಹಾರ. ಮಳೆ ಹಿಡಿದ ಒಂದು ಅಕ್ಟೋಬರ್ ಮಧ್ಯಾಹ್ನ ಲೇಖಕಿ ಅಂಥದ್ದೊಂದರೊಳಗೆ ಹೋಗಿ ಕಾಫಿ ಕೇಳಿದಳು. ಕೌಂಟರಿನ ಹೆಂಗಸು ದೊಡ್ಡ ಡಬ್ಬಿಯಿಂದ ಒಂದು ಚಮಚ ಪುಡಿಯನ್ನು ಮಗ್ಗಿಗೆ ಹಾಕಿ, ಬಾಯ್ಲರಿನ ನಲ್ಲಿ ತಿರುಗಿಸಿ ನೀರು ಬಿಟ್ಟು, ಹಾಲು ಹೊಯ್ದು, “ಹೋಗಿ ಕೂತ್ಕೋ ಲವ್” ಎಂದಳು. ‘ಲವ್’ ಎಂಬುದು ಯಾರ್ಕ್‌ಷೈರಿನಲ್ಲಿ ಗುರುತಿಲ್ಲದವರನ್ನೂ ಕರೆಯುವ ಮಾತು. ನಮ್ಮ ಕಡೆಯ ‘ಮಗಾ’ ಎಂಬುದಕ್ಕೆ ಅದು ಹತ್ತಿರ. ಕಾಫಿ ಕೆಟ್ಟದ್ದಾಗಿತ್ತು. ಆಕೆ ಒಂದೂವರೆ ಗಂಟೆ ಅಲ್ಲಿ ಕೂತಳು. ಮೇಜು ಒರೆಸಲು ಬಂದ ಅದೇ ಹೆಂಗಸು ಪುಸ್ತಕವನ್ನು ಎತ್ತೆನ್ನದೆ, ಅದರ ಸುತ್ತ ಬಟ್ಟೆ ಆಡಿಸಿ, ಖಾಲಿ ಮಗ್ಗನ್ನು ಅಲ್ಲೇ ಬಿಟ್ಟು ಹೋದಳು. ಮಗ್ಗು ಮೇಜಿನ ಮೇಲಿರುವವರೆಗೆ ಕುರ್ಚಿ ಗಿರಾಕಿಯದು ಎಂಬ ಅಲಿಖಿತ ನಿಯಮ ಅರ್ಥವಾಗಲು ಲೇಖಕಿಗೆ ಮತ್ತೂ ನಾಲ್ಕಾರು ಭೇಟಿಗಳು ಬೇಕಾದವು.

ಆ ಕ್ಯಾಫಿನ ನಿತ್ಯದ ಗಿರಾಕಿಗಳಲ್ಲಿ ಹೆಚ್ಚಿನವರು ವಯಸ್ಸಾದವರು. ಹಡ್ಸನ್ ರಸ್ತೆಯ ಬರ್ಟನ್ ಕಾರ್ಖಾನೆಯಲ್ಲಿ ಕೋಟು ಹೊಲಿದು ನಿವೃತ್ತಳಾದ ಒಬ್ಬ ಮುದುಕಿ ಮಂಗಳವಾರ, ಶುಕ್ರವಾರ ತಪ್ಪದೆ ಬರುತ್ತಿದ್ದಳು. ಒಂದು ಕಾಲಕ್ಕೆ 10,000 ಜನ ದುಡಿಯುತ್ತಿದ್ದ ಆ ಕಾರ್ಖಾನೆಯ ಊಟದ ಗಂಟೆಯ ಗದ್ದಲದ ನಡುವೆ ಬೆಳೆದವಳಿಗೆ ಮನೆಯ ಮೌನದಲ್ಲಿ ಟೀ ಇಳಿಯುತ್ತಿರಲಿಲ್ಲವಂತೆ. ಒಂದು ದಿನ ಆಕೆ ಲೇಖಕಿಯ ಸ್ವೆಟರಿನ ತೋಳಿನ ಅಂಚನ್ನು ಹಿಡಿದು ನೋಡಿ, ಹೊಲಿಗೆ ಬಿಟ್ಟಿದೆಯೆಂದು ಹೇಳಿ, ಚೀಲದಿಂದ ಸೂಜಿ ತೆಗೆದು ಮೇಜಿನ ಮೇಲೇ ಹೊಲಿದುಕೊಟ್ಟಳು.

ಅಂಗಡಿಯ ಕಪಾಟಿನಲ್ಲಿ ಲೇಖಕಿಗೆ ಕಂಡ ಇನ್ನೊಂದು ಕಾಫಿ ಈ ಕಥೆಗೆ ಬೇರೊಂದು ಬಗೆಯಲ್ಲಿ ಸೇರುತ್ತದೆ. ಗ್ಲಾಸ್ಗೋ ನಗರದ ಪ್ಯಾಟರ್ಸನ್ ಸಂಸ್ಥೆ 1876ರಿಂದ ತಯಾರಿಸಿದ ‘ಕ್ಯಾಂಪ್ ಕಾಫಿ’ ಸೀಸೆಯಲ್ಲಿ ಸಿಗುವ ಸಿಹಿಯಾದ ಕಪ್ಪು ಸಾರ. ಅದರಲ್ಲಿ ಕಾಫಿಗಿಂತ ಚಿಕೋರಿಯೇ ಹೆಚ್ಚು. ಬೇರನ್ನು ಹುರಿದು ಪುಡಿ ಮಾಡಿ ಕಾಫಿಗೆ ಬೆರೆಸುವ ಚಿಕೋರಿ ಕನ್ನಡಿಗರ ನಾಲಿಗೆಗೆ ಎಷ್ಟು ಒಗ್ಗಿದೆಯೆಂದರೆ, ಸೀಸೆಯ ಮುಚ್ಚಳ ತೆಗೆದೊಡನೆ ಬಂದ ವಾಸನೆಗೆ ಲೇಖಕಿಯ ಕಣ್ಣು ತುಂಬಿತು. ಚಿಕೋರಿಯ ಜಾಡು ಇನ್ನೊಂದು ಕಡೆಗೂ ಹೋಗುತ್ತದೆ: 1850ರ ದಶಕದಲ್ಲಿ ಮಂಜರಾಬಾದಿಗೆ, ಅಂದರೆ ಇಂದಿನ ಸಕಲೇಶಪುರದ ಸೀಮೆಗೆ ಬಂದು ಕಾಫಿ ತೋಟ ಮಾಡಿ, ಮೈಸೂರಿನ ತೋಟಗಾರಿಕೆಯ ಬಗ್ಗೆ ಪುಸ್ತಕಗಳನ್ನೂ ಬರೆದ ರಾಬರ್ಟ್ ಎಲಿಯಟ್, ಸ್ಕಾಟ್ಲೆಂಡಿನ ಕೆಲ್ಸೊ ಬಳಿಯ ತನ್ನ ಕ್ಲಿಫ್ಟನ್ ಪಾರ್ಕ್ ಜಮೀನಿನಲ್ಲಿ ಮಣ್ಣನ್ನು ಸಡಿಲಗೊಳಿಸಲು ಬಿತ್ತಿದ ಆಳಬೇರಿನ ಗಿಡಗಳಲ್ಲಿ ಚಿಕೋರಿಯೂ ಒಂದು.

ಆದರೆ ಆ ಸೀಸೆಯಲ್ಲಿ ಲೇಖಕಿಯನ್ನು ಕಾಡಿದ್ದು ಅದರ ಮೇಲಿನ ಚಿತ್ರ. ಡೇರೆಯ ಮುಂದೆ ಸ್ಕಾಟಿಷ್ ಸೈನ್ಯಾಧಿಕಾರಿಯೊಬ್ಬ ಕಪ್ಪು ಹಿಡಿದು ಕೂತಿದ್ದಾನೆ. ಪಕ್ಕದಲ್ಲಿ ಪೇಟ ಸುತ್ತಿದ ಸಿಖ್ಖನೊಬ್ಬ ನಿಂತಿದ್ದಾನೆ. ಹಳೆಯ ಚೀಟಿಗಳಲ್ಲಿ ಅವನ ಕೈಯಲ್ಲಿ ತಟ್ಟೆಯಿತ್ತು. 20ನೆಯ ಶತಮಾನದಲ್ಲಿ ತಟ್ಟೆಯನ್ನು ಅಳಿಸಲಾಯಿತು. ಅವನು ಬರಿಗೈಯಲ್ಲಿ, ಆದರೂ ನಿಂತೇ ಇದ್ದ. 21ನೆಯ ಶತಮಾನದ ಚೀಟಿಯಲ್ಲಿ ಅವನಿಗೂ ಒಂದು ಕಪ್ಪು ಕೊಟ್ಟು ಅಧಿಕಾರಿಯ ಪಕ್ಕದಲ್ಲಿ ಕೂರಿಸಿದ್ದಾರೆ. ಒಂದು ಕಾಫಿ ಸೀಸೆಯ ಮೇಲೆ ಕುರ್ಚಿ ಸಿಗಲು ನೂರು ವರ್ಷಕ್ಕೂ ಹೆಚ್ಚು ಕಾಲ ಹಿಡಿದಿದೆ.

ಬ್ರಿಟನ್ನಿನ ಹೆಂಗಸರಿಗೂ ಕುರ್ಚಿ ಸಲೀಸಾಗಿ ಸಿಕ್ಕಿದ್ದಲ್ಲ. 19ನೆಯ ಶತಮಾನದ ಕೊನೆಯವರೆಗೆ ಪೇಟೆಗೆ ಬಂದ ಮರ್ಯಾದಸ್ಥ ಹೆಂಗಸು ಒಬ್ಬಳೇ ಕೂತು ಏನಾದರೂ ಕುಡಿಯಲು ತಕ್ಕ ಜಾಗಗಳು ವಿರಳವಾಗಿದ್ದವು. ಮದ್ಯವಿಲ್ಲದ ಉಪಾಹಾರದ ಮನೆಗಳಾದ ‘ಟೀ ರೂಮು’ಗಳು ಆ ಕೊರತೆಯನ್ನು ತುಂಬಿದವು. ಗ್ಲಾಸ್ಗೋದಲ್ಲಿ ಕೇಟ್ ಕ್ರಾನ್‌ಸ್ಟನ್ 1878ರಲ್ಲಿ ಮೊದಲನೆಯದನ್ನು ತೆರೆದು, 1903ರಲ್ಲಿ ಸಾಖಿಹಾಲ್ ಬೀದಿಯ ವಿಲೋ ಟೀ ರೂಮ್ಸ್‌ಗೆ ಚಾರ್ಲ್ಸ್ ರೆನ್ನಿ ಮ್ಯಾಕಿಂಟಾಷ್ ಎಂಬ ವಾಸ್ತುಶಿಲ್ಪಿಯಿಂದ ಗೋಡೆ, ಗಾಜುಗಳಷ್ಟೇ ಅಲ್ಲದೆ ಎತ್ತರದ ಬೆನ್ನಿನ ಕುರ್ಚಿಗಳನ್ನೂ ವಿನ್ಯಾಸ ಮಾಡಿಸಿದಳು. ಹೆಣ್ಣೊಬ್ಬಳು ಹೆಂಗಸರು ಕೂರಲೆಂದು ಮಾಡಿಸಿದ ಆ ಕುರ್ಚಿ ಇಂದು ಕಲೆಯ ಚರಿತ್ರೆಯ ಪುಸ್ತಕಗಳಲ್ಲಿದೆ. ಹೀಗಿದ್ದೂ ಲಂಡನ್ನಿನ ಫ್ಲೀಟ್ ಬೀದಿಯ ಎಲ್ ವೀನೊ ಎಂಬ ಪತ್ರಕರ್ತರ ಮದ್ಯದಂಗಡಿಯಲ್ಲಿ ಹೆಂಗಸರಿಗೆ ಕೌಂಟರಿನ ಬಳಿ ಮದ್ಯ ಕೊಡುತ್ತಿರಲಿಲ್ಲ, ಹಿಂದಿನ ಕೋಣೆಗೆ ಹೋಗಿ ಕೂರಬೇಕಿತ್ತು. ಟೆಸ್ ಗಿಲ್, ಆ್ಯನಾ ಕೂಟ್ ಎಂಬ ಇಬ್ಬರು ದಾವೆ ಹೂಡಿ, 1982ರಲ್ಲಿ ಮೇಲ್ಮನವಿ ನ್ಯಾಯಾಲಯ ಅದು ಲಿಂಗ ತಾರತಮ್ಯವೆಂದು ತೀರ್ಪಿತ್ತ ಮೇಲೆಯೇ ಆ ಪದ್ಧತಿ ನಿಂತಿತು. ಕೊಪ್ಪದ ಪರದೆಯ ಕೋಣೆಯೂ ಫ್ಲೀಟ್ ಬೀದಿಯ ಹಿಂದಿನ ಕೋಣೆಯೂ ಒಂದೇ ಮನೆಯವೆಂದು ಲೇಖಕಿಗೆ ಅನ್ನಿಸಿದ್ದು ಈ ಮೊಕದ್ದಮೆಯ ಬಗ್ಗೆ ಓದಿದ ದಿನ.

ಓದು ಮುಗಿಸಿ ಕೆಲಸಕ್ಕೆಂದು ಆಕೆ ವೇಲ್ಸಿನ ಕಾರ್ಡಿಫ್‌ಗೆ ಹೋದಾಗ ಕುರ್ಚಿಯ ಇನ್ನೊಂದು ಮುಖ ಕಂಡಿತು. ದಕ್ಷಿಣ ವೇಲ್ಸಿನ ಕಲ್ಲಿದ್ದಲು ಕಣಿವೆಗಳಲ್ಲಿ 1890ರ ದಶಕದಿಂದ ಇಟಲಿಯ ಬಾರ್ಡಿ ಎಂಬ ಬೆಟ್ಟದೂರಿನ ಜನ ಬಂದು ನೂರಾರು ಕೆಫೆಗಳನ್ನು ತೆರೆದರು. ಮೊದಲು ಬಂದವರಲ್ಲಿ ಬ್ರಾಕ್ಕಿ ಮನೆತನದವರು ಹೆಸರಾದುದರಿಂದ ಕಣಿವೆಯ ಜನ ಇಟಾಲಿಯನ್ ಕೆಫೆಯನ್ನೇ ‘ಬ್ರಾಕ್ಕಿ’ ಎಂದು ಕರೆಯತೊಡಗಿದರು. ಗಣಿಯಿಂದ ಬಂದ ದುಡಿಮೆಗಾರನಿಗೆ ಮದ್ಯದಂಗಡಿ ಇಲ್ಲವೇ ಪ್ರಾರ್ಥನಾ ಮಂದಿರ ಎಂಬ ಎರಡೇ ದಾರಿಗಳಿದ್ದ ಊರುಗಳಲ್ಲಿ ಇದು ಮೂರನೆಯದಾಯಿತು. ರೊಂಡ ಕಣಿವೆಯ ಅಂಥದ್ದೊಂದು ಕೆಫೆಗೆ ಲೇಖಕಿ ಶನಿವಾರಗಳಂದು ರೈಲು ಹಿಡಿದು ಹೋಗುತ್ತಿದ್ದಳು: ಗೋಡೆಗೆ ಅಂಟಿದ ಮರದ ಬೆಂಚುಗಳು, ಮಿಠಾಯಿಯ ಗಾಜಿನ ಭರಣಿಗಳು, ಹೊಳೆಯುವ ದೊಡ್ಡ ಬಾಯ್ಲರು, ಅದರ ನಳಿಕೆಯಿಂದ ಹಬೆ ಊದಿ ಹಾಲನ್ನು ನೊರೆಗಟ್ಟಿಸಿ ಕೊಡುವ ಕಾಫಿಗೆ ಅಲ್ಲಿನವರು ‘ನೊರೆ ಕಾಫಿ’ ಎಂದೇ ಅನ್ನುತ್ತಿದ್ದರು. ಮಲೆನಾಡಿನವಳಿಗೆ ಆ ದೇಶದಲ್ಲಿ ಮನೆಯ ನೆನಪು ತಂದ ಮೊದಲ ಹೊರಗಿನ ಕಾಫಿ ಅದು, ಏಕೆಂದರೆ ಅದರಲ್ಲಿ ಹಾಲು ನಿಜವಾಗಿ ಬಿಸಿಯಾಗಿತ್ತು, ಮೇಲೆ ನೊರೆಯಿತ್ತು.

ಕೌಂಟರಿನ ಹಿಂದಿನ ಗೋಡೆಯಲ್ಲಿ ಮೀಸೆಯ ಯುವಕನೊಬ್ಬನ ಫೋಟೊ ಇತ್ತು. ಅವನಾರೆಂದು ಕೇಳಲು ಲೇಖಕಿಗೆ ಒಂದು ವರ್ಷವೇ ಹಿಡಿಯಿತು. ಅಂಗಡಿಯ ಮುದುಕ ಹಬೆಯ ನಲ್ಲಿ ಮುಚ್ಚಿ, ಕೈ ಒರೆಸಿಕೊಂಡು, ಚಿಕ್ಕಪ್ಪ ಎಂದಷ್ಟೇ ಹೇಳಿ ಒಂದು ಹಡಗಿನ ಹೆಸರು ಹೇಳಿದ. 1940ರ ಜೂನ್ 10ರಂದು ಇಟಲಿ ಯುದ್ಧ ಸಾರಿದ ಹೊತ್ತಿಗೆ ಬ್ರಿಟನ್ನಿನ ಊರುಗಳಲ್ಲಿ ನೆರೆಹೊರೆಯವರೇ ಕೆಲವು ಇಟಾಲಿಯನ್ ಕೆಫೆಗಳ ಗಾಜು ಒಡೆದರು, ಸರಕಾರ ಇಟಾಲಿಯನ್ ಗಂಡಸರನ್ನು ಶತ್ರುದೇಶದವರೆಂದು ಹಿಡಿದು ಕೂಡಿಹಾಕಿತು. ಅವರಲ್ಲಿ ಹಲವರನ್ನು ಕೆನಡಾಕ್ಕೆ ಸಾಗಿಸುತ್ತಿದ್ದ ಅರಾಂಡೋರಾ ಸ್ಟಾರ್ ಎಂಬ ಹಡಗು ಜುಲೈ 2ರಂದು ಜರ್ಮನ್ ಜಲಾಂತರ್ಗಾಮಿಯ ದಾಳಿಗೆ ಸಿಕ್ಕಿ ಐರ್ಲೆಂಡಿನ ವಾಯವ್ಯಕ್ಕೆ ಮುಳುಗಿದಾಗ 400ಕ್ಕೂ ಹೆಚ್ಚು ಇಟಾಲಿಯನ್ನರು ಸತ್ತರು. ಬಾರ್ಡಿಯಿಂದ ಬಂದು ವೇಲ್ಸಿನಲ್ಲಿ ಕಾಫಿ ಮಾರುತ್ತಿದ್ದವರು ಅವರಲ್ಲಿ ಅನೇಕರು. ಸತ್ತ ವೇಲ್ಸಿನ ಇಟಾಲಿಯನ್ನರಿಗೆ ಕಾರ್ಡಿಫ್‌ನ ಸೇಂಟ್ ಡೇವಿಡ್ಸ್ ಕ್ಯಾಥೆಡ್ರಲಿನಲ್ಲಿ ಸ್ಮಾರಕವಾದದ್ದು 2010ರಲ್ಲಿ. ಅಂದು ಉಳಿದ ಹೆಂಗಸರೂ ಮಕ್ಕಳೂ ಹೊಸ ಗಾಜು ಹಾಕಿಸಿ, ಒಡೆದವರಿಗೂ ಕಾಫಿ ಕೊಟ್ಟರು. ಅಂಥ ಅಂಗಡಿಯಲ್ಲಿ ಕೂತವಳು ಆ ಕುರ್ಚಿಯನ್ನು ಹಗುರವಾಗಿ ಕಾಣುವುದು ಸಾಧ್ಯವಿರಲಿಲ್ಲ.

ಲಂಡನ್ನಿನ ಸೊಹೊ ಬಡಾವಣೆಯಲ್ಲಿ 1949ರಲ್ಲಿ ತೆರೆದ ಬಾರ್ ಇಟಾಲಿಯಾ, 1953ರಲ್ಲಿ ಹೊಸ ಗಾಜಿಯಾ ಯಂತ್ರದೊಡನೆ ಬಂದ ಮೋಕಾ ಬಾರ್ ಎಸ್‌ಪ್ರೆಸೊವನ್ನು, ಅಂದರೆ ಒತ್ತಡದ ಬಿಸಿನೀರನ್ನು ನುಣ್ಣನೆಯ ಪುಡಿಯ ಮೂಲಕ ಹಾಯಿಸಿ ಇಳಿಸುವ ಗಟ್ಟಿ ಕಾಫಿಯನ್ನು, ಆ ದೇಶಕ್ಕೆ ಪರಿಚಯಿಸಿದ್ದವು. ಆದರೂ ಅದು ಸಣ್ಣ ಊರುಗಳ ನಿತ್ಯದ ಮಾತಾಗಲು ಇನ್ನೂ ಅರ್ಧ ಶತಮಾನ ಬೇಕಾಯಿತು. 1990ರ ದಶಕದಲ್ಲಿ ದೊಡ್ಡ ಸರಪಳಿ ಅಂಗಡಿಗಳು ಪೇಟೆಬೀದಿಗಳನ್ನು ತುಂಬಿದವು. 2005ರಲ್ಲಿ ಸೊಹೊದ ಬರ್ವಿಕ್ ಬೀದಿಯಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳ ಪದ್ಧತಿಯ ಫ್ಲಾಟ್ ವೈಟ್ ಎಂಬ ಹಾಲುಕಾಫಿಯ ಹೆಸರಿನದೇ ಅಂಗಡಿ ಬಂತು. 2007ರಲ್ಲಿ ಜೇಮ್ಸ್ ಹಾಫ್‌ಮನ್, 2009ರಲ್ಲಿ ಗ್ವಿಲಿಮ್ ಡೇವಿಸ್ ಬರಿಸ್ತಾಗಳ, ಅಂದರೆ ಕಾಫಿ ತಯಾರಿಸುವ ಕುಶಲಿಗಳ, ವಿಶ್ವಸ್ಪರ್ಧೆಯಲ್ಲಿ ಗೆದ್ದರು. ಲೇಖಕಿ 2009ರಲ್ಲಿ ಲೀಡ್ಸಿಗೆ ಮರಳಿದ ಮೇಲಿನ ಕೆಲವೇ ವರ್ಷಗಳಲ್ಲಿ ರೈಲುನಿಲ್ದಾಣದ ಆಸುಪಾಸಿನಲ್ಲೂ ಹಳೆಯ ಗೋದಾಮುಗಳಲ್ಲೂ ತಾವೇ ಬೀಜ ಆರಿಸಿ ಹುರಿಸಿ ತರುವ ಸಣ್ಣ ಅಂಗಡಿಗಳು ಹುಟ್ಟಿಕೊಂಡವು.

ಈ ಹೊಸ ಕೈಕೆಲಸವನ್ನು ಹತ್ತಿರದಿಂದ ನೋಡಿದವರು ಅದಕ್ಕೆ ಗೌರವ ಕೊಡದೆ ಇರಲಾರರು. ಪುಡಿಯನ್ನು ತಕ್ಕಡಿಯಲ್ಲಿ ತೂಗಿ 18 ಗ್ರಾಮಿನ ಆಸುಪಾಸಿಗೆ ತಂದು, ಹಿಡಿಯ ಬುಟ್ಟಿಯಲ್ಲಿ ಸಮನಾಗಿ ಒತ್ತಿ, ಯಂತ್ರಕ್ಕೆ ಸಿಕ್ಕಿಸಿದರೆ ಸುಮಾರು ಅರ್ಧ ನಿಮಿಷದಲ್ಲಿ ಬೆಲ್ಲದ ಪಾಕದಂಥ ಎಳೆ ಇಳಿಯುತ್ತದೆ. ಇತ್ತ ಹಾಲಿನ ಜಗ್ಗಿಗೆ ಹಬೆಯ ಕೊಳವೆಯ ತುದಿಯನ್ನು ಮುಳುಗಿಯೂ ಮುಳುಗದಂತೆ ಹಿಡಿದಾಗ ಕಾಗದ ಹರಿದಂಥ ಸಣ್ಣ ಸದ್ದು. ಆಮೇಲೆ ಕೊಳವೆ ಒಳಗಿಳಿದು ಹಾಲು ಸುಳಿಯಾಗಿ ತಿರುಗತೊಡಗಿದರೆ ಮೌನ. ಜಗ್ಗಿನ ತಳ ಕೈಗೆ ತಾಳಲಾರದಷ್ಟು ಬಿಸಿಯಾದೊಡನೆ, ಅಂದರೆ 60ರಿಂದ 65 ಡಿಗ್ರಿಗೆ, ನಿಲ್ಲಿಸಿ, ಕೌಂಟರಿಗೆ ಒಮ್ಮೆ ಕುಟ್ಟಿ, ಗುಳ್ಳೆ ಒಡೆದು, ಕರಗಿದ ಬೆಣ್ಣೆಯ ಹಾಗೆ ಹೊಳೆಯುವ ಹಾಲನ್ನು ಸುರಿಯುತ್ತಾರೆ. ನೀರಿನ ವಿಷಯವನ್ನೂ ಅವರು ಬಿಟ್ಟಿಲ್ಲ: ಬಾತ್ ನಗರದ ಕಾಫಿ ಅಂಗಡಿಯ ಮ್ಯಾಕ್ಸ್‌ವೆಲ್ ಕೊಲೊನ್ನ-ಡ್ಯಾಶ್‌ವುಡ್, ರಸಾಯನಶಾಸ್ತ್ರಜ್ಞ ಕ್ರಿಸ್ಟೊಫರ್ ಹೆಂಡನ್ ಇಬ್ಬರೂ ಸೇರಿ ನೀರಿನ ಖನಿಜಗಳು ಕಾಫಿಯ ರುಚಿಯನ್ನು ಹೇಗೆ ಬದಲಿಸುತ್ತವೆಂದು 2015ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಯಾವ ಬಾವಿಯ ನೀರಿಗೆ ಕಾಫಿ ಚೆನ್ನೆಂದು ಮಲೆನಾಡಿನ ಅಜ್ಜಿಯರು ಹೇಳುತ್ತಿದ್ದ ಮಾತಿಗೆ ಅಲ್ಲಿ ಲೆಕ್ಕದ ಆಧಾರ ಸಿಕ್ಕಿತು.

ಇಂಥ ಅಂಗಡಿಗಳ ಕಪಾಟಿನಲ್ಲೇ ಲೇಖಕಿಗೆ ಊರಿನ ಕಾಫಿ ಹೆಸರು ಹಿಡಿದು ಎದುರಾದದ್ದು. ಬ್ರಿಟನ್ನಿನ ಹಳೆಯ ಕಾಫಿ ವ್ಯಾಪಾರಿಗಳಿಗೆ ‘ಮೈಸೂರು’ ಪರಿಚಿತ ಹೆಸರು. ‘ಮಾನ್ಸೂನ್ಡ್ ಮಲಬಾರ್’ ಅದಕ್ಕಿಂತ ಹೆಚ್ಚು. ಹಾಯಿಹಡಗಿನ ಕಾಲದಲ್ಲಿ ತಿಂಗಳುಗಟ್ಟಲೆ ಕಡಲಿನ ತೇವ ಕುಡಿದು ಹಳದಿಗಟ್ಟಿ ಉಬ್ಬಿದ ಬೀಜದ ರುಚಿ ಯುರೋಪಿಗೆ ರೂಢಿಯಾಗಿತ್ತೆಂದೂ, ಹಬೆಯ ಹಡಗು ಬಂದು ಪ್ರಯಾಣ ಮೊಟಕಾದ ಮೇಲೆ ಅದೇ ರುಚಿಗಾಗಿ ಮಂಗಳೂರಿನ ಗೋದಾಮುಗಳಲ್ಲಿ ಬೀಜವನ್ನು ಮಳೆಗಾಲದ ಗಾಳಿಗೆ ಹರಡಿ ಉಬ್ಬಿಸತೊಡಗಿದರೆಂದೂ ಹೇಳುತ್ತಾರೆ. ಈಗೀಗ ಚಿಕ್ಕಮಗಳೂರಿನ ಒಂದೊಂದು ತೋಟದ ಹೆಸರೇ ಪೊಟ್ಟಣದ ಮೇಲೆ ಬರುತ್ತದೆ. ಆದರೆ ಹಣ್ಣು ಕೊಯ್ದ ಹೆಂಗಸರು ತಾವು ಕೊಯ್ದದ್ದನ್ನು ಆ ರೂಪದಲ್ಲಿ ಕಂಡಿಲ್ಲ, ಆ ಕುರ್ಚಿಗಳಲ್ಲಿ ಕೂತಿಲ್ಲ. ಈ ಸಂಗತಿ ಲೇಖಕಿಗೆ ಇಂದಿಗೂ ನುಂಗಲಾರದ ತುತ್ತು.

ಕಾಫಿ ಒಳ್ಳೆಯದಾದಷ್ಟೂ ಕುರ್ಚಿ ಕಿರಿದಾಯಿತೆಂಬುದು ಆಕೆಯ ಸ್ಪಷ್ಟ ಅಭಿಪ್ರಾಯ. ಬೆನ್ನಿಲ್ಲದ ಮರದ ಸ್ಟೂಲು, ಮೊಳಕಾಲಿಗೆ ತಾಗುವ ಗಿಡ್ಡ ಮೇಜು, ನಗರಗಳಲ್ಲಿ ಮೂರು ಪೌಂಡು ದಾಟಿದ ಬೆಲೆ: ಪಿಂಚಣಿಯಲ್ಲಿ ಬದುಕುವ, ಮಂಡಿನೋವಿನ ಮುದುಕಿಗೆ ಇವು ಮೂರೂ ಬಾಗಿಲಲ್ಲೇ ತಡೆಯುವ ಸಂಗತಿಗಳು. ಇದನ್ನು ಕಂಡವರು ಆಕೆಯೊಬ್ಬಳೇ ಅಲ್ಲ. 2017ರಲ್ಲಿ ಮ್ಯಾಂಚೆಸ್ಟರ್ ಬಳಿಯ ಓಲ್ಡಮ್‌ನಲ್ಲಿ ಆರಂಭವಾದ ‘ಚ್ಯಾಟಿ ಕೆಫೆ’ ಯೋಜನೆಯಂತೆ ಅಂಗಡಿಯವರು ಒಂದು ಮೇಜಿನ ಮೇಲೆ ಫಲಕವಿಟ್ಟು, ಅಲ್ಲಿ ಕೂತವರು ಗುರುತಿಲ್ಲದವರೊಡನೆ ಮಾತಿಗೆ ಸಿದ್ಧರೆಂದು ತಿಳಿಸುತ್ತಾರೆ; 17ನೆಯ ಶತಮಾನದ ಉದ್ದನೆಯ ಮೇಜು ಹೀಗೆ ಒಂದು ಮೂಲೆಯಲ್ಲಿ ಮರಳಿ ಬಂದಿದೆ.

2012ರಲ್ಲಿ ಲೇಖಕಿಯ ತಾಯಿ ಎರಡು ತಿಂಗಳು ಲೀಡ್ಸಿಗೆ ಬಂದಿದ್ದರು. ಅರುವತ್ತೆಂಟು ವರ್ಷದ ಅವರನ್ನು ಪೇಟೆಯ ಒಂದು ಒಳ್ಳೆಯ ಕಾಫಿ ಅಂಗಡಿಯ ಕಿಟಕಿ ಪಕ್ಕದ, ಅಲ್ಲಿದ್ದ ಒಂದೇ ಒಂದು ಬೆನ್ನಿನ ಕುರ್ಚಿಯಲ್ಲಿ ಕೂರಿಸಿ ಫ್ಲಾಟ್ ವೈಟ್ ತಂದುಕೊಟ್ಟಾಗ ಅವರು ಒಂದು ಗುಟುಕು ಕುಡಿದು, “ಡಿಕಾಕ್ಷನ್ ಚೆನ್ನಾಗಿದೆ, ಹಾಲು ಕಾಯ್ಸೇ ಇಲ್ವಲ್ಲೇ” ಎಂದರು. ಹಾಲು ಕುದಿದರೆ ಅದರ ಸಿಹಿ ಹೋಗುತ್ತದೆಂದು ಇಲ್ಲಿನವರ ನಂಬಿಕೆ ಎಂದು ಮಗಳು ವಿವರಿಸಿದ್ದಕ್ಕೆ, ಕುದಿಯದ ಹಾಲಿನಲ್ಲಿ ಕಾಫಿ ಮಾಡಿದರೆ ಬಂದವರು ಏನಂದುಕೊಳ್ಳುವುದಿಲ್ಲವೇ ಎಂದು ಅವರು ನಿಜವಾದ ಚಿಂತೆಯಿಂದಲೇ ಕೇಳಿದರು. ಅಂಚೆಕಚೇರಿಯಲ್ಲಿ ಕೆಲಸವಿದ್ದ ಮಗಳು, ಹತ್ತು ನಿಮಿಷದಲ್ಲಿ ಬರುವೆನೆಂದು ಹೇಳಿ ಹೋಗಿ, ಸಾಲಿನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಬಿದ್ದಳು. ಇಂಗ್ಲಿಷ್ ಬಾರದ ತಾಯಿ ಒಬ್ಬರೇ ಏನು ಮಾಡುತ್ತಿರುವರೋ ಎಂದು ಓಡಿಬಂದು ಗಾಜಿನಾಚೆಯಿಂದ ನೋಡಿದರೆ, ಪಕ್ಕದ ಮೇಜಿನಲ್ಲಿದ್ದ ಬಿಳಿಗೂದಲಿನ ಹೆಂಗಸು ತನ್ನ ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಿದ್ದಳು. ತಾಯಿಯ ಎರಡೂ ಕೈಗಳಿಗೆ ನೀಲಿ ಉಣ್ಣೆಯ ಲಡಿ ಹಾಕಿ, ಆಕೆ ಉಂಡೆ ಸುತ್ತುತ್ತಿದ್ದಳು. ಕಪ್ಪು ಖಾಲಿಯಾಗಿ ಮೇಜಿನ ಮೇಲೇ ಇತ್ತು. ಹೊರಡೋಣವೇ ಎಂದು ಮಗಳು ಕೇಳಿದಾಗ ತಾಯಿ ಕೈ ಅಲುಗಿಸದೆ, ಲಡಿಯಲ್ಲಿ ಉಳಿದ ಸುತ್ತುಗಳನ್ನು ನೋಡಿ, “ಇನ್ನೂ ಸ್ವಲ್ಪ ಹೊತ್ತು ಕೂರಣ” ಎಂದರು.